ನೇತಾಡುತ್ತಿದ್ದ ಕೇಬಲ್ಲು

"ಸುಮ್ನೆ ನೇತಾಡ್ತಿತ್ತು ಸಾರ್. ಕಾಲಿಗೆ ಸಿಗ್ತಿತ್ತು. ಖಾಲಿ ತೂತು ಇತ್ತಲ್ಲ, ಅದಕ್ಕೆ ಹಾಕ್ದೆ. ತಪ್ಪಾಯ್ತಾ?"

ಬುಧವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹದ ಮಾಡುವ ಕಡೆ, ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಈಗ ಸೀಸನ್ನು. ರೋಬಸ್ಟಾ ಚೆರ್ರಿ ಹೊತ್ತ ಪಿಕಪ್ಪು, ಟ್ರ್ಯಾಕ್ಟರು, ಲಾರಿ ಬೆಳಗ್ಗೆಯಿಂದಲೇ ಗೇಟಿನಾಚೆ ಸಾಲು ನಿಂತಿರುತ್ತವೆ. ಗಾಡಿಯ ತೂಕ ವೇಬ್ರಿಡ್ಜ್ ಕ್ಯಾಬಿನ್ನಿನ ಕಂಪ್ಯೂಟರಿಗೆ ಬಂದು, ಅಲ್ಲಿಂದ ಆಫೀಸಿನ ಸರ್ವರಿಗೆ ಹೋಗಿ, ಆಮೇಲೆ ಚೀಟಿ ಪ್ರಿಂಟ್ ಆಗಬೇಕು. ಬುಧವಾರ ಹತ್ತೂವರೆ ಹೊತ್ತಿಗೆ ಚೀಟಿ ನಿಂತಿತು. ಸ್ವಲ್ಪ ಹೊತ್ತಿಗೇ ಬಿಲ್ಲಿಂಗ್, ಗೋಡೌನ್, ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅಂತ) ನೋಡುವ ಲ್ಯಾಬ್, ಎಲ್ಲ ನಿಂತವು.

ಅಕೌಂಟೆಂಟ್ ಮೊದಲು ಹೇಳಿದ್ದು, "ನೋಡಿ, ಹೊಸ ವಿಂಡೋಸ್ ಹಾಕಿದ್ರಲ್ಲ, ಅದಕ್ಕೇ". ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ಹಳೇ ಕಂಪ್ಯೂಟರುಗಳಲ್ಲಿ ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಇಲ್ಲ, ವಿಂಡೋಸ್ 11 ಅವಕ್ಕೆ ಕೂರುವುದಿಲ್ಲ. ಹಾಗಾಗಿ ಆಫೀಸಿಗೆ ಹೊಸ ಯಂತ್ರ ಬಂದಿದ್ದವು, ಅಂದಿನಿಂದ ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೂ ಅವರಿಗೆ ವಿಂಡೋಸ್ 11ರ ಮೇಲೇ ಸಿಟ್ಟು. ಲೆಕ್ಕದಲ್ಲಿ ಅವರಷ್ಟು ಚುರುಕಾದವರನ್ನು ನಾನು ನೋಡಿಲ್ಲ, ಆದರೆ ಅರ್ಥವಾಗದ ವಿಷಯಕ್ಕೂ ತೀರ್ಪು ಕೊಡುವ ಆತುರ ಜಾಸ್ತಿ.

ಕಂಪ್ಯೂಟರುಗಳೇನೋ ನೆಟ್‌ವರ್ಕ್ ಇದೆ ಅಂತಲೇ ತೋರಿಸುತ್ತಿದ್ದವು. ಸರ್ವರಿಗೆ ಪಿಂಗ್ ಕೊಟ್ಟರೆ, ಅಂದರೆ "ಇದ್ದೀಯಾ?" ಅಂತ ಕೇಳಿದರೆ, ಮಾತ್ರ ಉತ್ತರ ಇಲ್ಲ. ಕಂಪ್ಯೂಟರುಗಳ ಕೇಬಲ್ಲೆಲ್ಲ ಬಂದು ಸೇರುವ ಸ್ವಿಚ್ ಅನ್ನುವ ಪೆಟ್ಟಿಗೆ ಇಟ್ಟಿದ್ದ ಮೂಲೆಗೆ ಹೋಗಿ ನೋಡಿದೆ. ಸಾಮಾನ್ಯವಾಗಿ ಅದರ ಹಸಿರು ದೀಪಗಳು ಒಂದೊಂದೂ ತಮ್ಮ ಪಾಡಿಗೆ ಮಿನುಗುತ್ತವೆ. ಅವತ್ತು ಅಷ್ಟೂ ದೀಪ ಒಟ್ಟಿಗೇ, ಬಿಡುವಿಲ್ಲದೆ, ಒಂದೇ ವೇಗದಲ್ಲಿ ಹೊಡೆದುಕೊಳ್ಳುತ್ತಿದ್ದವು. ಎಲ್ಲೋ ಲೂಪ್ ಆಗಿದೆ, ಕಳಿಸಿದ್ದು ಸುತ್ತಿ ಅಲ್ಲಿಗೇ ಬರುತ್ತಿದೆ ಅಂತ ಅಲ್ಲೇ ಗೊತ್ತಾಯಿತು. ಒಂದೊಂದೇ ಕೇಬಲ್ ಎಳೆಯುತ್ತಾ ಬಂದೆ. ವೇಬ್ರಿಡ್ಜ್ ಕಡೆಯದನ್ನು ಎಳೆದ ಕೂಡಲೇ ಪಿಂಗ್ ಬಂತು.

ಕ್ಯಾಬಿನ್ನಿನ ಮೇಜಿನ ಕೆಳಗೆ ಎಂಟು ಪೋರ್ಟಿನ ಸಣ್ಣ ಸ್ವಿಚ್ಚು. ಹಿಂದೆ ಅಲ್ಲಿದ್ದ ಎರಡನೇ ಕಂಪ್ಯೂಟರನ್ನು ತೆಗೆದಾಗ ಅದರ ಕೇಬಲ್ ಹಾಗೇ ಉಳಿದಿತ್ತು. ಒಂದು ತುದಿ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ನೆಲದ ಮೇಲೆ. ಈಗ ಆ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಕ್ಯಾಬಿನ್ ಗುಡಿಸಿ ಒರೆಸುವ ಅಣ್ಣನನ್ನು ಕೇಳಿದೆ. ಆಗ ಅವರು ಹೇಳಿದ್ದೇ ಮೇಲಿನ ಮಾತು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಕೇಬಲ್ಲಿನ ಉಳಿದ ಉದ್ದವನ್ನು ಚೆನ್ನಾಗಿ ಸುತ್ತಿ ದಾರ ಕೂಡ ಕಟ್ಟಿದ್ದರು.

ಇಷ್ಟು ಸಣ್ಣ ವಿಷಯಕ್ಕೆ ಇಡೀ ಆಫೀಸು ಯಾಕೆ ಮಲಗಿತು? ಒಂದು ಕಂಪ್ಯೂಟರಿಗೆ ಇನ್ನೊಂದರ ವಿಳಾಸ ಬೇಕಾದರೆ ಅದು ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಕೇಳುತ್ತದೆ, ನಮ್ಮ ಯಾರ್ಡಿನಲ್ಲಿ ನಿಂತು "ಈ ಗಾಡಿ ಯಾರದ್ರೀ?" ಅಂತ ಕೂಗಿದ ಹಾಗೆ. ಅದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಸ್ವಿಚ್ಚು ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲ ಪೋರ್ಟಿಗೂ ಕಳಿಸುತ್ತದೆ. ಎರಡು ಪೋರ್ಟ್ ಒಂದಕ್ಕೊಂದು ಸೇರಿದ್ದರೆ ಕಳಿಸಿದ್ದು ವಾಪಸ್ ಬರುತ್ತದೆ, ಮತ್ತೆ ಎಲ್ಲ ಕಡೆ ಹೋಗುತ್ತದೆ, ಮತ್ತೆ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಅಂತ ಒಂದು ಎಣಿಕೆ ಇದೆ, ರೂಟರ್ ದಾಟಿದಾಗೆಲ್ಲ ಒಂದು ಇಳಿಯುತ್ತದೆ, ಸೊನ್ನೆಯಾದರೆ ಕಥೆ ಮುಗಿಯಿತು. ಸ್ವಿಚ್ಚುಗಳು ಸಾಗಿಸುವ ಎತರ್‌ನೆಟ್ ಫ್ರೇಮಿಗೆ ಅಂಥದ್ದೇನೂ ಇಲ್ಲ. ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಹೊಸದಲ್ಲ. ರೇಡಿಯಾ ಪರ್ಲ್‌ಮನ್ ಅನ್ನುವ ಎಂಜಿನಿಯರ್ 1985ರಲ್ಲೇ, ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಯಲ್ಲಿದ್ದಾಗ, ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಬರೆದರು. ಸ್ವಿಚ್ಚುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಲೂಪ್ ಆಗುವ ದಾರಿಯನ್ನು ತಾವೇ ಮುಚ್ಚುತ್ತವೆ. ಬೇಕಾದ ಹಾಗೆ ಸೆಟ್ಟಿಂಗ್ ಮಾಡಬಹುದಾದ ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಇದು ಇರುತ್ತದೆ. ನಮ್ಮಲ್ಲಿರುವ ಅಗ್ಗದ ಸ್ವಿಚ್ಚುಗಳಲ್ಲಿ ಇಲ್ಲ. ಕಳೆದ ಮಳೆಗಾಲದಲ್ಲೇ ಮ್ಯಾನೇಜ್ಡ್ ಸ್ವಿಚ್ಚಿಗೆ ಕೊಟೇಶನ್ ಕೊಟ್ಟಿದ್ದೆ. "ಇರೋದೇ ನಡೀತಿದೆ ಅಲ್ವಾ?" ಅಂದಿದ್ದರು ಮ್ಯಾನೇಜರ್.

ಅದೇ ಮ್ಯಾನೇಜರ್ ಬುಧವಾರ ಎಲ್ಲರ ಮುಂದೆ ಆ ಅಣ್ಣನಿಗೆ ಬೈದರು. "ಗೊತ್ತಿಲ್ದೆ ಇರೋದಕ್ಕೆ ಯಾಕಯ್ಯಾ ಕೈ ಹಾಕ್ತೀಯ?" ಅರ್ಧ ದಿನದ ಕೂಲಿ ಹಿಡಿಯುವುದಾಗಿಯೂ ಹೇಳಿದರು. ಪ್ಲಾಂಟರುಗಳು ಬಂದರೆ ಎದ್ದು ನಿಂತು ಕಾಫಿ ತರಿಸುವ ಮನುಷ್ಯ. ತಮಗಿಂತ ವಯಸ್ಸಿನಲ್ಲಿ ದೊಡ್ಡವರಾದ ಕೆಲಸಗಾರನಿಗೆ ಏಕವಚನ. ಲೂಪ್ ಅಂದರೇನು ಅಂತ ಅಲ್ಲೇ ಬಿಡಿಸಿ ಹೇಳಿದೆ. ಕೇಳುವ ಮನಸ್ಸು ಇರಲಿಲ್ಲ.

ಅವತ್ತು ರಾತ್ರಿ ನನಗೆ ನೆನಪಾಗಿದ್ದು ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ. 2002ರ ನವೆಂಬರಿನಲ್ಲಿ ಅಲ್ಲಿನ ನೆಟ್‌ವರ್ಕ್ ಸುಮಾರು ನಾಲ್ಕು ದಿನ ಕೈಕೊಟ್ಟಿತು. ಡಾಕ್ಟರುಗಳು ಕಾಗದ ಪೆನ್ನು ಹಿಡಿದರು. ಒಬ್ಬ ಸಂಶೋಧಕರು ನೆಟ್‌ವರ್ಕಿಗೆ ಬಿಟ್ಟ ಭಾರೀ ಡೇಟಾ ಅದಕ್ಕೆ ನೆಪ. ನಿಜವಾದ ಕಾರಣ ಬೇರೆ: ಬೇಕುಬೇಕಾದಾಗ ಸ್ವಿಚ್ ಸೇರಿಸುತ್ತಾ ಹೋಗಿ, ಆ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀ ತಡೆದುಕೊಳ್ಳುವ ಮಿತಿಯನ್ನೇ ದಾಟಿ ಬೆಳೆದಿತ್ತು. ಅಲ್ಲಿ ಐಟಿಯ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ಅದನ್ನು ಮುಚ್ಚಿಡಲಿಲ್ಲ. ಏನೇನಾಯಿತು ಅಂತ ಊರಿಗೆಲ್ಲ ತಿಳಿಯುವ ಹಾಗೆ ಹೇಳಿದರು, ಬೇರೆಯವರು ಎಚ್ಚರವಾಗಲಿ ಅಂತ. ಅಷ್ಟು ದೊಡ್ಡ ಆಸ್ಪತ್ರೆಯವರಿಗೆ ಆಗಿದ್ದು ನಮಗ್ಯಾಕೆ ಆಗುವುದಿಲ್ಲ?

ಒದ್ದೆ ಬಟ್ಟೆ ಹಿಡಿದ ಒಬ್ಬ ಮನುಷ್ಯ ಕಾಲಿಗೆ ಸಿಗುವ ವಯರನ್ನು ಎತ್ತಿಟ್ಟರೆ ಬಿದ್ದುಹೋಗುವ ನೆಟ್‌ವರ್ಕ್, ನಾಳೆ ಇನ್ಯಾರದೋ ಕೈಯಿಂದಲೂ ಬೀಳುತ್ತದೆ. ಕೂಲಿ ಹಿಡಿದರೆ ಸ್ವಿಚ್ಚಿಗೆ ಸ್ಪ್ಯಾನಿಂಗ್ ಟ್ರೀ ಬರುವುದಿಲ್ಲ. ಬರುವುದೇನೆಂದರೆ, ಮುಂದಿನ ಸಲ ಕೇಳಿದಾಗ "ನಂಗೊತ್ತಿಲ್ಲ ಸಾರ್" ಅನ್ನುವ ಉತ್ತರ. ಈ ಸಲ ಅವರು ನಿಜ ಹೇಳಿದ್ದಕ್ಕೇ, ಇದು ಹೇಗಾಯಿತು ಅಂತ ಇನ್ನೊಂದು ಗಂಟೆ ಹುಡುಕುವುದು ನನಗೆ ತಪ್ಪಿತು. ಬೇಡದ ಕೇಬಲ್ಲನ್ನು ನೋಡಿ ಬೇಡ ಅಂತ ಅನ್ನಿಸಿದ್ದೂ ಆ ಆಫೀಸಿನಲ್ಲಿ ಅವರೊಬ್ಬರಿಗೇ.

ತಪ್ಪಿಲ್ಲ ಅಣ್ಣಾ ಅಂತ ಅವತ್ತೇ ಹೇಳಿದ್ದೇನೆ. ನಂಬಿದ ಹಾಗೆ ಕಾಣಲಿಲ್ಲ. ಗುರುವಾರ, ಶುಕ್ರವಾರ ಎರಡೂ ದಿನ ಮೇಜಿನ ಕೆಳಗೆ ಒರೆಸದೇ ಬಿಟ್ಟಿದ್ದರು.

ಆ ಕೇಬಲ್ ತೆಗೆದಾಯಿತು. ಸ್ವಿಚ್ಚನ್ನು ಗೋಡೆಗೆ ಏರಿಸಿ ಪೆಟ್ಟಿಗೆ ಹಾಕಿಸಿದ್ದೇನೆ. ಸೋಮವಾರ ಮಾಲೀಕರು ಬರುತ್ತಾರೆ. ಹಳೇ ಕೊಟೇಶನ್ನಿನ ಜೊತೆ, ಆ ಅರ್ಧ ದಿನದ ಕೂಲಿಯ ವಿಷಯವನ್ನೂ ಅವರ ಮುಂದೆಯೇ ಇಡುತ್ತೇನೆ.