ಚೀನಿಕಾಯಿಯ ಏಲಂ

ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿಯುವ ಹೊತ್ತಿಗೆ ಮಂಗಳೂರಿನ ನಮ್ಮ ಸಿಎಸ್‌ಐ ಸಭೆಯಲ್ಲಿ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಚರ್ಚಿನಲ್ಲಿ, ಬೆಳೆ ಹಬ್ಬ ಬರುತ್ತದೆ. ಸಭೆಯವರು ಹಿತ್ತಿಲಲ್ಲಿ ಬೆಳೆದ ತೆಂಗಿನಕಾಯಿ, ಬಾಳೆಗೊನೆ, ಬಸಳೆಗಳನ್ನು ತಂದು ಅರ್ಪಿಸುತ್ತಾರೆ. ಊರ ಕೋಳಿಗಳನ್ನು ಅಂಗಳದ ಮಾವಿನ ಮರದ ಬುಡದಲ್ಲಿ ಕಟ್ಟಿರುತ್ತಾರೆ. ಆರಾಧನೆಯ ಬಳಿಕ ಅವೆಲ್ಲವುಗಳ ಏಲಂ, ಅಂದರೆ ಹರಾಜು, ನಡೆಯುತ್ತದೆ. ಕೊಂಡವರೇ ವಸ್ತುವನ್ನು ಮತ್ತೆ ಸಭೆಗೆ ಒಪ್ಪಿಸಿ ಎರಡನೆಯ ಸಲ ಕೂಗಿಸುವುದೂ ಉಂಟಾದ್ದರಿಂದ, ಇಪ್ಪತ್ತು ರೂಪಾಯಿಯ ಸೌತೆಕಾಯಿ ಸಾವಿರ ದಾಟುವುದು ನಮಗೆ ಹೊಸದಲ್ಲ.

ಕೆಲವು ವರ್ಷಗಳ ಹಿಂದಿನ ಆ ಭಾನುವಾರ ಸಭಾಪಾಲಕರು ಲೂಕನ ಸುವಾರ್ತೆಯ 12ನೇ ಅಧ್ಯಾಯವನ್ನು ಆಧರಿಸಿ ಪ್ರಸಂಗ ಮಾಡಿದರು. ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟಿಸಲು ಯೋಚಿಸಿದ, ಅದೇ ರಾತ್ರಿ ಪ್ರಾಣ ಒಪ್ಪಿಸಬೇಕಾಗಿ ಬಂದ ಐಶ್ವರ್ಯವಂತನ ಕಥೆ ಅದು. ಗಳಿಕೆಯ ಹತ್ತರಲ್ಲೊಂದು ಪಾಲಾದ ದಶಮಾಂಶವನ್ನು ಸಭೆಗೆ ಕೊಡುವುದನ್ನು ಒಂದು ತಿಂಗಳೂ ತಪ್ಪಿಸದ ನನಗೆ ಆ ಮಾತು ಸಂಬಂಧಿಸಿದ್ದಲ್ಲವೆಂಬ ನೆಮ್ಮದಿಯಲ್ಲಿ ನಾನು ಕೇಳಿದೆ.

ನನ್ನದು ಫ್ಲ್ಯಾಟುಗಳಿಗೆ ಟೈಲ್ಸ್ ಹಾಕಿಸುವ ಗುತ್ತಿಗೆ ಕೆಲಸ. ಹಿಂದಿನ ದಿನ, ಶನಿವಾರ ಸಂಜೆ, ನನ್ನಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ, ನಮ್ಮದೇ ಸಭೆಯ ಮೇಸ್ತ್ರಿಯವರು ಬಂದು, ಆರು ವಾರಗಳ ಹೆಚ್ಚುವರಿ ಕೆಲಸದ ಬಾಕಿ 9,400 ರೂಪಾಯಿ ಸಿಕ್ಕಿದರೆ ಮಗಳ ಕಾಲೇಜಿಗೆ ಕಟ್ಟಬಹುದಿತ್ತು ಎಂದಿದ್ದರು. "ಬಿಲ್ಲು ಪಾಸಾಗಲಿಲ್ಲ ಮೇಸ್ತ್ರಿ, ಮುಂದಿನ ವಾರ ನೋಡುವ" ಎಂದು ನಾನು ಕಳುಹಿಸಿದ್ದೆ. ಬಿಲ್ಲು ಪಾಸಾಗದಿದ್ದುದು ನಿಜ. ಬ್ಯಾಂಕಿನಲ್ಲಿ ಹಣ ಇದ್ದುದೂ ನಿಜ.

ಏಲಂನಲ್ಲಿ ದೊಡ್ಡದೊಂದು ಚೀನಿಕಾಯಿ ಬಂತು. ಸಿಹಿಕುಂಬಳವೇ ಅದು, ತುಳುವಿನಲ್ಲಿ ನಾವು ಕೆಂಬುಡೆ ಎನ್ನುತ್ತೇವೆ. ಗಲ್ಫಿನಿಂದ ರಜೆಗೆ ಬಂದಿದ್ದ ಒಬ್ಬರು ಮೂರು ಸಾವಿರಕ್ಕೆ ಏರಿಸಿದರು, ನಾನು ಐದು ಎಂದೆ. ಅವರು ಎಂಟು ಎನ್ನುವಾಗ ಎಲ್ಲರ ಕಣ್ಣೂ ನನ್ನತ್ತ ತಿರುಗಿತು. ಕೊನೆಗೆ 11,500 ರೂಪಾಯಿಗೆ ಅದು ನನ್ನದಾಯಿತು, ಚಪ್ಪಾಳೆಯೂ ಬಿತ್ತು. ದೇವರಿಗೆ ಕೊಟ್ಟೆನೆಂಬ ಸಂತೋಷ ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಇತ್ತು.

ಅದನ್ನು ಹೆಗಲ ಮೇಲೆ ಹೊತ್ತು ನನ್ನ ಕಾರಿಗೆ ತಂದವರು ಮೇಸ್ತ್ರಿಯವರೇ. ಡಿಕ್ಕಿಯಲ್ಲಿ ಉರುಳದಂತೆ ಒಂದು ಗೋಣಿಚೀಲವನ್ನು ಸುರುಳಿ ಸುತ್ತಿ, ಅದರ ನಡುವೆ ತೊಟ್ಟು ಮೇಲಾಗಿ ಕೂರಿಸಿದರು. ಸಿಮೆಂಟು ತಿಂದು ಬಿರುಕುಬಿಟ್ಟ ಬೆರಳುಗಳಿಂದ ಅದರ ಮೈಯ ಮಣ್ಣನ್ನು ಒರೆಸುತ್ತಾ, "ಬೀಜ ತೆಗೆದಿಡಿ ಸರ್, ಒಳ್ಳೆಯ ತಳಿ. ನಮ್ಮ ಹಿತ್ತಿಲಿನದ್ದೇ" ಎಂದರು. ಅವರ ಮಾತಿನಲ್ಲಿ ಚುಚ್ಚುವ ಧ್ವನಿ ಲವಲೇಶವೂ ಇರಲಿಲ್ಲ.

ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ. ನನ್ನ ಮುತ್ತಜ್ಜ ಕ್ರೈಸ್ತರಾದಾಗ ಕುಟುಂಬ ಅವರನ್ನು ಹೊರಗಿಟ್ಟಿತ್ತು. ಮನೆಯೂ ಇಲ್ಲ, ಗದ್ದೆಯೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಂಥವರಿಗೆ ಉಪದೇಶವಷ್ಟೇ ಸಾಲದೆಂದು ತಿಳಿದು ನೇಯ್ಗೆ, ಮುದ್ರಣಗಳ ಜೊತೆಗೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಮುತ್ತಜ್ಜ ಅಲ್ಲಿ ನೇತ್ರಾವತಿ ದಡದ ಜೇಡಿಮಣ್ಣು ತುಳಿದು ಸಂಸಾರ ಸಾಕಿದರು. ಆ ಕಾರ್ಖಾನೆಯಲ್ಲಿ ಎಲ್ಲವೂ ಸರಿಯಿತ್ತೆಂದು ನಾನು ಹೇಳಲಾರೆ. ಆದರೆ ನಮ್ಮ ಮನೆಯ ಮಟ್ಟಿಗೆ ವಿಶ್ವಾಸವೂ ಕೂಲಿಯೂ ಒಂದೇ ಬಾಗಿಲಿನಿಂದ ಒಳಗೆ ಬಂದವು. ಹಣ ಗಳಿಸುವುದು ಪಾಪವೆಂದು ನಾನು ಅಂದೂ ನಂಬಿರಲಿಲ್ಲ, ಇಂದೂ ನಂಬುವುದಿಲ್ಲ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದೆಂಬ ಕ್ರಿಸ್ತನ ಮಾತನ್ನು ನಾವು ಕಾಣಿಕೆಯ ಪೆಟ್ಟಿಗೆಯ ಲೆಕ್ಕಕ್ಕೆ ಇಳಿಸಿಬಿಟ್ಟಿದ್ದೇವೆ, ಪೆಟ್ಟಿಗೆಗೆ ಬಿದ್ದರೆ ಉಳಿದದ್ದೆಲ್ಲ ಶುದ್ಧವೆಂಬಂತೆ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದೆಂದು ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಎಚ್ಚರಿಸುತ್ತದೆ. ಎರಡನ್ನೂ ಎಷ್ಟೋ ಸಲ ಓದಿದ್ದೆ. ನನ್ನಲ್ಲಿ ಆ ಕೂಲಿ ಉಳಿದದ್ದು ಒಂದು ರಾತ್ರಿಯಲ್ಲ, ಆರು ವಾರ.

ಸಂಜೆ ಹಣ ತೆಗೆದುಕೊಂಡು ಅವರ ಮನೆಗೆ ಹೋದೆ, ಚೀನಿಕಾಯಿಯನ್ನೂ ಒಯ್ದೆ. ಶುಲ್ಕಕ್ಕೆಂದು ಶನಿವಾರ ರಾತ್ರಿಯೇ ಅವರ ಹೆಂಡತಿಯ ಬಳೆ ಗುರುತಿನವರೊಬ್ಬರಲ್ಲಿ ಅಡವಿಗೆ ಹೋಗಿತ್ತು. ನಾನು ಕ್ಷಮೆ ಕೇಳಿದೆ. ಬಳೆ ಬಿಡಿಸುವ ಬಡ್ಡಿಯನ್ನೂ ಕೊಡುತ್ತೇನೆಂದೆ. "ಬಾಕಿ ಎಷ್ಟೋ ಅಷ್ಟು ಸಾಕು ಸರ್" ಎಂದು ಮೇಸ್ತ್ರಿಯವರು ನೋಟುಗಳನ್ನು ಎರಡು ಸಲ ಎಣಿಸಿ, ಹೆಚ್ಚಿದ್ದುದನ್ನು ನನ್ನ ಕೈಗೇ ಹಿಂದಿರುಗಿಸಿ, ಕಿಸೆಯ ಪುಟ್ಟ ಡೈರಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಆರು ವಾರಗಳ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದರು.

ಚೀನಿಕಾಯಿಯನ್ನು ಮಾತ್ರ ಅವರ ಹೆಂಡತಿ ಮುಟ್ಟಲಿಲ್ಲ. "ಅದು ದೇವರಿಗೆ ಕೊಟ್ಟದ್ದಲ್ಲವೇ? ಕೊಟ್ಟದ್ದನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದರು. ನಾನು ಅದನ್ನು ಎತ್ತಿಕೊಂಡು ಕತ್ತಲೆಯಲ್ಲಿ ಕಾರಿನ ಕಡೆಗೆ ನಡೆದೆ. ಮೇಸ್ತ್ರಿಯವರು ಮೆಟ್ಟಿಲ ತನಕ ಟಾರ್ಚು ಹಿಡಿದರು.