ವಿನ್ನಿಪೆಗ್ ಮನೆಯ ಗಾಳಿ ಲೆಕ್ಕ

ಪರಿಶೀಲನೆಗೆ ಬಂದ ಎನರ್ಜಿಪ್ಲಸ್ (ಕಟ್ಟಡದ ಶಕ್ತಿ ಬಳಕೆಯ ಲೆಕ್ಕ ಹಾಕುವ ತಂತ್ರಾಂಶ) ಫೈಲು ಕೆನಡಾದ ವಿನ್ನಿಪೆಗ್‌ನ ಎರಡಂತಸ್ತಿನ ಮನೆಯೊಂದರದು. ಬೆಳಿಗ್ಗೆ ತೆರೆದ ಕೂಡಲೇ ಹುಡುಕಿದ್ದು ಎಚ್‌ಆರ್‌ವಿಯನ್ನು, ಅಂದರೆ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವ ಯಂತ್ರವನ್ನು. ಆ ಮನೆಯ ವರದಿಯಲ್ಲಿ ಅದು ಇತ್ತು, ಫೈಲಿನಲ್ಲಿ ಇರಲಿಲ್ಲ. ಝೋನ್‌ವೆಂಟಿಲೇಶನ್ ಎಂಬ ಸಾದಾ ಆಬ್ಜೆಕ್ಟಿನಲ್ಲಿ (ಫೈಲಿನ ಒಂದು ಘಟಕದಲ್ಲಿ) ಸೆಕೆಂಡಿಗೆ 11.25 ಲೀಟರ್ ಗಾಳಿ ಬರೆದಿತ್ತು. ಮನೆಗೆ ಬೇಕಾದದ್ದು 45 ಲೀಟರ್. ಯಂತ್ರ ಶೇ. 75 ಬಿಸಿ ಉಳಿಸುತ್ತದಲ್ಲ, ಕಾಲು ಪಾಲು ಗಾಳಿ ಬಿಟ್ಟರೆ ಆಯಿತು ಎಂಬ ಹಳೆಯ ಅಡ್ಡದಾರಿ ಇದು.

ಈ ಅಡ್ಡದಾರಿ ಪೂರಾ ಸುಳ್ಳೇನಲ್ಲ. ಹೊರಗೆ ಮೈನಸ್ 25, ಒಳಗೆ 21 ಡಿಗ್ರಿ ಇದ್ದಾಗ 45 ಲೀಟರ್ ಗಾಳಿಯನ್ನು ಬಿಸಿ ಮಾಡಲು ಸುಮಾರು 2,500 ವ್ಯಾಟ್ ಬೇಕು. ಕಾಲು ಪಾಲಿಗೆ 625. ಬೇಸಿಗೆಯಲ್ಲಿ ಇದು ಕೈಕೊಡುತ್ತದೆ ಎಂದು ಹಲವರು ಹೇಳುವುದುಂಟು. ಯಂತ್ರಕ್ಕೆ ಬೈಪಾಸ್ (ಬಿಸಿ ದಾಟಿಸುವ ಭಾಗವನ್ನು ಬಿಟ್ಟು ಗಾಳಿ ಹೋಗುವ ದಾರಿ) ಇದ್ದರೆ ಮಾತ್ರ ಆ ಮಾತು ನಿಜ. ಇಲ್ಲದಿದ್ದರೆ ಬೇಸಿಗೆಯ ತಂಪು ರಾತ್ರಿಯಲ್ಲೂ ಅದು ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡುತ್ತಲೇ ಇರುತ್ತದೆ.

ನಿಜವಾಗಿ ಕೆಡುವುದು ತೇವಾಂಶದ ಲೆಕ್ಕ. ಯಂತ್ರದೊಳಗಿನ ಪ್ಲೇಟ್ ಕೋರ್, ಅಂದರೆ ಎರಡು ಗಾಳಿಗಳ ನಡುವಿನ ತೆಳು ಹಾಳೆಗಳ ಕಟ್ಟು, ಬಿಸಿಯನ್ನು ಮಾತ್ರ ದಾಟಿಸುತ್ತದೆ, ತೇವವೆಲ್ಲ ಹೊರಕ್ಕೆ ಹೋಗುತ್ತದೆ. ಅಡುಗೆ, ಸ್ನಾನ, ಉಸಿರು ಸೇರಿ ದಿನಕ್ಕೆ 8 ಕಿಲೋ ನೀರಾವಿ ಎಂದಿಟ್ಟುಕೊಳ್ಳಿ. ಗೋಡೆ, ಕಿಟಕಿಗಳ ಸೋರಿಕೆ ಬಿಟ್ಟು ಲೆಕ್ಕ ಹಾಕಿದರೆ, ಅದೇ ಮೈನಸ್ 25ರಲ್ಲಿ 45 ಲೀಟರ್ ಗಾಳಿಯಾಡುವ ಮನೆಯ ಸಾಪೇಕ್ಷ ಆರ್ದ್ರತೆ ಶೇ. 14ರ ಆಸುಪಾಸಿಗೆ ಇಳಿಯುತ್ತದೆ. 11.25 ಲೀಟರಿನ ಮಾಡೆಲ್ ಶೇ. 47 ತೋರಿಸುತ್ತದೆ. ಅಲ್ಲಿ ಮೂಗು ಒಣಗುವ ಮನೆ, ಇಲ್ಲಿ ಕಿಟಕಿ ಗಾಜಿನ ಮೇಲೆ ನೀರಿಳಿಯುವ ಮನೆ. ಇದರ ಜೊತೆಗೆ ಫ್ಯಾನಿನ ಕರೆಂಟು ಲೆಕ್ಕದಲ್ಲೇ ಇಲ್ಲ, ಮಂಜುಗಟ್ಟುವುದೂ ಇಲ್ಲ.

ಹಾಗಾಗಿ ಆ ಸಾಲನ್ನು ತೆಗೆದು, ಝೋನ್ (ಮಾಡೆಲಿನಲ್ಲಿ ಮನೆಯ ಒಂದು ಭಾಗ) ಮಟ್ಟದ ಎನರ್ಜಿ ರಿಕವರಿ ವೆಂಟಿಲೇಟರ್ ಆಬ್ಜೆಕ್ಟ್ ಹಾಕಬೇಕಾಯಿತು. ಅದಕ್ಕೆ ಒಂದು ಗಾಳಿಯಿಂದ-ಗಾಳಿಗೆ ಹೀಟ್ ಎಕ್ಸ್‌ಚೇಂಜರ್, ಒಂದು ಸಪ್ಲೈ ಫ್ಯಾನ್, ಒಂದು ಎಕ್ಸಾಸ್ಟ್ ಫ್ಯಾನ್ ಬೇಕು. ಒಂದು ಆಬ್ಜೆಕ್ಟ್ ಒಂದೇ ಝೋನಿಗೆ ಸಲ್ಲುತ್ತದೆ. ಮೂರು ಝೋನ್ ಇರುವುದರಿಂದ 45 ಲೀಟರನ್ನು 18, 15, 12 ಎಂದು ಹಂಚಿದ್ದಾಯಿತು. ಮಲಗುವ ಕೋಣೆಗೆ ಬಿಟ್ಟ ಗಾಳಿ ಬಚ್ಚಲಿನಿಂದ ಹೊರಹೋಗುವ ನಿಜವಾದ ಹಾದಿ ಇದರಲ್ಲಿ ಬರುವುದಿಲ್ಲ. ವರ್ಷದ ಶಕ್ತಿ ಲೆಕ್ಕಕ್ಕೆ ಅಷ್ಟು ಸಾಕು.

ಇನ್ನು ಎಫೆಕ್ಟಿವ್‌ನೆಸ್ (ಬಿಸಿಯ ಎಷ್ಟು ಪಾಲು ದಾಟುತ್ತದೆ ಎಂಬ ಅಳತೆ) ಜಾಗದಲ್ಲಿ ಯಾವ ಅಂಕಿ ಬರೆಯಬೇಕು ಎಂಬುದು. ಉತ್ತರ ಅಮೆರಿಕದಲ್ಲಿ ಸಿಎಸ್‌ಎ ಸಿ439 ಎಂಬ ಕೆನಡಾದ ಮಾನದಂಡದ ಪರೀಕ್ಷೆಯಂತೆ ಅಳೆದ ಯಂತ್ರಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಎರಡು ಅಂಕಿ ಇರುತ್ತವೆ. ಅಪಾರೆಂಟ್ ಸೆನ್ಸಿಬಲ್ ಎಫೆಕ್ಟಿವ್‌ನೆಸ್ ಎಂಬುದು ಒಳಬಂದ ಗಾಳಿ ಎಷ್ಟು ಬೆಚ್ಚಗಾಯಿತು ಎಂದಷ್ಟೇ ಹೇಳುತ್ತದೆ. ಅದರಲ್ಲಿ ಫ್ಯಾನಿನ ಬಿಸಿಯೂ ಸೇರಿಕೊಂಡಿದೆ. ಸೆನ್ಸಿಬಲ್ ರಿಕವರಿ ಎಫಿಶಿಯೆನ್ಸಿ ಫ್ಯಾನಿನ ಬಿಸಿ, ಒಳಸೋರಿಕೆ, ಪೆಟ್ಟಿಗೆಯ ನಷ್ಟ ಎಲ್ಲ ಕಳೆದ ಅಂಕಿ. ಮಾಡೆಲಿನಲ್ಲಿ ಫ್ಯಾನ್ ಬೇರೆಯಾಗಿಯೇ ಇದೆ, ಅದರ ಬಿಸಿಯನ್ನು ಎನರ್ಜಿಪ್ಲಸ್ ತಾನೇ ಗಾಳಿಗೆ ಸೇರಿಸುತ್ತದೆ. ಆದ್ದರಿಂದ ಎರಡನೆಯದನ್ನೇ ಹಾಕಬೇಕು. ಮೊದಲನೆಯದು ಕಣ್ಣಿಗೆ ಚೆಂದ, ಆದರೆ ಫ್ಯಾನಿನ ಬಿಸಿ ಎರಡು ಸಲ ಎಣಿಕೆಯಾಗುತ್ತದೆ.

ವರದಿಯ ಶೇ. 75 ಎಂಬುದು 30 ಲೀಟರಿನ ಸಾಲಿನದು. ಗಾಳಿ ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ. ಇದೇ ಯಂತ್ರದ್ದು 45 ಲೀಟರಿಗೆ 70. ಹಾಗಾಗಿ ಪೂರ್ಣ ಹರಿವಿಗೆ 0.70, ಮುಕ್ಕಾಲು ಹರಿವಿಗೆ 0.74, ತೇವಾಂಶದ ಜಾಗಗಳಲ್ಲಿ ಸೊನ್ನೆ. ಹೊಸ ಆವೃತ್ತಿಗಳಲ್ಲಿ ಮುಕ್ಕಾಲು ಹರಿವಿನ ಅಂಕಿಯ ಬದಲು ಕರ್ವ್, ಅಂದರೆ ಹರಿವಿಗೆ ತಕ್ಕಂತೆ ಅಂಕಿ ಬದಲಾಗುವ ರೇಖೆ, ಕೊಡಬೇಕು.

ಮಧ್ಯಾಹ್ನವೆಲ್ಲ ಹೋದದ್ದು ಮಂಜು ಕರಗಿಸುವ ಕೆಲಸಕ್ಕೆ, ಅಂದರೆ ಡಿಫ್ರಾಸ್ಟ್‌ಗೆ. ಹೊರಹೋಗುವ ತೇವದ ಗಾಳಿ ಕೋರಿನೊಳಗೆ ತಣಿದು ಮಂಜುಗಡ್ಡೆ ಕಟ್ಟುತ್ತದೆ. ಈ ಯಂತ್ರದಲ್ಲಿ ಆಗ ಹೊರಗಾಳಿಯ ಬಾಗಿಲಾದ ಡ್ಯಾಂಪರ್ ಮುಚ್ಚಿ, ಮನೆಯ ಗಾಳಿಯೇ ಕೋರಿನ ಮೂಲಕ ಸುತ್ತಿ ಮಂಜನ್ನು ಕರಗಿಸುತ್ತದೆ. ಎನರ್ಜಿಪ್ಲಸ್‌ನಲ್ಲಿ ಎಕ್ಸಾಸ್ಟ್ ಏರ್ ರೀಸರ್ಕ್ಯುಲೇಶನ್ ಎಂಬ ಆಯ್ಕೆ ಇದಕ್ಕೇ ಇರುವುದು. ಬೇಕಾದದ್ದು ಮೂರು ಅಂಕಿ: ಯಾವ ತಾಪಮಾನದಿಂದ ಶುರು, ಆಗ ಎಷ್ಟು ಹೊತ್ತು, ಪ್ರತಿ ಡಿಗ್ರಿ ಇಳಿದಂತೆ ಎಷ್ಟು ಹೆಚ್ಚಳ. ಶುರುವಿನ ತಾಪಮಾನ ಮೈನಸ್ 5, ಆಗ ಗಂಟೆಯ 0.083 ಭಾಗ, ಪ್ರತಿ ಡಿಗ್ರಿಗೆ 0.012 ಎಂದಿಟ್ಟರೆ ಮೈನಸ್ 30ರಲ್ಲಿ 0.383, ಅಂದರೆ ಗಂಟೆಗೆ 23 ನಿಮಿಷ. ಶುರುವಿನ ತಾಪಮಾನವನ್ನು ಮುಟ್ಟದೆ ಡೀಫಾಲ್ಟ್ 1.7 ಡಿಗ್ರಿಯಲ್ಲೇ ಬಿಟ್ಟರೆ ಅದು 28 ನಿಮಿಷಕ್ಕೆ ಏರುತ್ತದೆ. ತಯಾರಕರ ಕೈಪಿಡಿಯಲ್ಲಿರುವ ಡಿಫ್ರಾಸ್ಟ್ ಕೋಷ್ಟಕದಿಂದ ಎರಡು ತಾಪಮಾನದ ನಿಮಿಷಗಳನ್ನು ತೆಗೆದುಕೊಂಡರೆ ಹೊತ್ತು, ಹೆಚ್ಚಳ ಎರಡನ್ನೂ ಬಿಡಿಸಬಹುದು.

ಇದನ್ನು ಸೇರಿಸಿ ಓಡಿಸಿದಾಗ ಕಡುಚಳಿಯ ಗಂಟೆಗಳಲ್ಲಿ ಬಿಸಿಯ ಬೇಡಿಕೆ ಕಡಿಮೆಯಾಯಿತು. ಡಿಫ್ರಾಸ್ಟ್‌ನಿಂದ ಖರ್ಚು ಹೆಚ್ಚಬೇಕಲ್ಲವೇ? ಆ 23 ನಿಮಿಷ ಹೊರಗಾಳಿಯೇ ಒಳಬರುವುದಿಲ್ಲ. ಸರಾಸರಿ ತಾಜಾ ಗಾಳಿ 45ರಿಂದ 28 ಲೀಟರಿಗೆ ಇಳಿದಿರುತ್ತದೆ. ಇದು ಉಳಿತಾಯವಲ್ಲ, ಗಾಳಿಯ ಕೊರತೆ. ಹಾಗಾಗಿ ತಿದ್ದಿದ ವರದಿಯಲ್ಲಿ ಬಿಸಿಯ ಅಂಕಿಯ ಪಕ್ಕದಲ್ಲೇ ಒಳಬಂದ ತಾಜಾ ಗಾಳಿಯ ಅಂಕಿಯನ್ನೂ ಕೊಟ್ಟದ್ದಾಯಿತು. ಇನ್ನೊಂದು ಬಲೆಯೂ ಇದೆ. ಪಟ್ಟಿಯ ಮೈನಸ್ 25 ಡಿಗ್ರಿಯ ಸಾಲಿನಲ್ಲಿ ಡಿಫ್ರಾಸ್ಟ್ ನಷ್ಟ ಆಗಲೇ ಸೇರಿರುತ್ತದೆ. ಆ ಅಂಕಿಯನ್ನೂ ಹಾಕಿ ಡಿಫ್ರಾಸ್ಟ್ ಆಯ್ಕೆಯನ್ನೂ ತೆರೆದರೆ ಒಂದೇ ನಷ್ಟ ಎರಡು ಬಾರಿ ಬೀಳುತ್ತದೆ. ಸೊನ್ನೆ ಡಿಗ್ರಿಯ ಸಾಲನ್ನೇ ಬಳಸಿ, ಮಿಕ್ಕಿದ್ದನ್ನು ಡಿಫ್ರಾಸ್ಟ್ ಲೆಕ್ಕಕ್ಕೆ ಬಿಡುವುದು ಮೇಲು.

ಫ್ಯಾನಿನದು ಸಣ್ಣ ಕೆಲಸ. ಎರಡೂ ಸೇರಿ 70 ವ್ಯಾಟ್, ಒಂದೊಂದಕ್ಕೆ 35. ಒತ್ತಡ 272 ಪ್ಯಾಸ್ಕಲ್, ದಕ್ಷತೆ 0.35 ಎಂದು ಕೊಟ್ಟರೆ ಅಷ್ಟೇ ಬರುತ್ತದೆ. ಒಂದೊಂದು ಅಂಕಿಗಿಂತ ಅವುಗಳ ಅನುಪಾತ ಮುಖ್ಯ. ಹೀಟ್ ಎಕ್ಸ್‌ಚೇಂಜರಿನಲ್ಲಿ ನಾಮಿನಲ್ ಎಲೆಕ್ಟ್ರಿಕ್ ಪವರ್ ಎಂಬ ಜಾಗವೂ ಇದೆ. ಅದು ತಿರುಗುವ ಚಕ್ರದ ಮೋಟಾರ್, ಕಂಟ್ರೋಲ್‌ಗಳಿಗೆ. ಫ್ಯಾನಿನ ವ್ಯಾಟನ್ನು ಅಲ್ಲೂ ಬರೆಯಬಾರದು. ಇದೇ ಯಂತ್ರವನ್ನು ಬೆಂಗಳೂರಿನ ಎಸಿ ಮನೆಗೆ ಹಾಕಿದರೆ ಏನಾದೀತು? ಒಳಗೂ ಹೊರಗೂ 5 ಡಿಗ್ರಿ ವ್ಯತ್ಯಾಸ ಇರುವಾಗ ಉಳಿಯುವ ತಂಪು ಸುಮಾರು 190 ವ್ಯಾಟ್. ಎಸಿಯ ಸಿಒಪಿ (ಒಂದು ವ್ಯಾಟ್ ಕರೆಂಟಿಗೆ ಸಿಗುವ ತಂಪು) 3 ಎಂದರೆ ಕರೆಂಟಿನಲ್ಲಿ ಉಳಿಯುವುದು 63, ಫ್ಯಾನ್ ತಿನ್ನುವುದು 70.

ಕೊನೆಗೆ ಒಂದು ಗಂಟೆಯ ಕೈಲೆಕ್ಕ. ಹೊರಗೆ 0, ಒಳಗೆ 21, ಡಿಫ್ರಾಸ್ಟ್ ಇಲ್ಲ. ಕೋರಿನಿಂದ 14.7 ಡಿಗ್ರಿ ಬರಬೇಕು, ಫ್ಯಾನ್ ದಾಟಿದ ಮೇಲೆ 15.3. ಅಲ್ಲಿನ ನೋಡ್ (ಮಾಡೆಲಿನಲ್ಲಿ ಗಾಳಿಯ ಸ್ಥಿತಿ ದಾಖಲಾಗುವ ಬಿಂದು) ತಾಪಮಾನ ಇದಕ್ಕಿಂತ ಹೆಚ್ಚಿದ್ದರೆ ಮೊದಲು ಎರರ್ ಫೈಲು ನೋಡಬೇಕು. ಹರಿವು ನಾಮಿನಲ್‌ನ (ಆಬ್ಜೆಕ್ಟಿನಲ್ಲಿ ಬರೆದ ಪೂರ್ಣ ಹರಿವಿನ) ಶೇ. 50ರಿಂದ 130ರ ಆಚೆ ಹೋದರೆ ಎನರ್ಜಿಪ್ಲಸ್ ಎಚ್ಚರಿಕೆ ಬರೆಯುತ್ತದೆ, ಲೆಕ್ಕವನ್ನು ಮಾತ್ರ ನಿಲ್ಲಿಸುವುದಿಲ್ಲ. ಆಬ್ಜೆಕ್ಟನ್ನು ಮೂರು ಝೋನಿಗೆ ನಕಲು ಮಾಡುವಾಗ ನಾಮಿನಲ್ ಹರಿವು 45 ಲೀಟರಿನಲ್ಲೇ ಉಳಿದರೆ, 18 ಲೀಟರಿನ ಝೋನ್ ಶೇ. 40ರಲ್ಲಿ ಓಡುತ್ತದೆ, ಅದರ 0.70 ಸದ್ದಿಲ್ಲದೆ 0.80 ಆಗಿರುತ್ತದೆ. ನಾಮಿನಲ್ ಹರಿವನ್ನೂ 18, 15, 12 ಎಂದೇ ಬರೆಯಬೇಕು.