ಅಡಿಕೆಗೆ ಝಕಾತ್ ಉಂಟಾ ಉಸ್ತಾದ್?

ನಮ್ಮ ಬಂಟ್ವಾಳ ಕಡೆ ಮದ್ರಸ ನಡೆಯುವುದು ಬೆಳಿಗ್ಗೆ, ಶಾಲೆಗೆ ಮುಂಚೆ. ಅಷ್ಟು ಹೊತ್ತಿನಲ್ಲೇ ಖುರ್‌ಆನ್, ತಜ್‌ವೀದ್ (ಅದನ್ನು ಓದುವ ಉಚ್ಚಾರದ ನಿಯಮ), ಫಿಕ್‌ಹ್ (ಧಾರ್ಮಿಕ ವಿಧಿ-ನಿಯಮ), ಅಖೀದ (ನಂಬಿಕೆ), ತಾರೀಖ್ (ಚರಿತ್ರೆ) ಎಲ್ಲ ಮುಗಿಯಬೇಕು. ನಮ್ಮ ಮದ್ರಸದ ಪಠ್ಯ 1951ರಲ್ಲಿ ಶುರುವಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡಿನದ್ದು. ಪಬ್ಲಿಕ್ ಪರೀಕ್ಷೆಯೂ ಬೋರ್ಡಿನದ್ದೇ.

ಕಳೆದ ವರ್ಷ ಮಸೀದಿಯ ಜಮಾಅತ್ ಕಮಿಟಿ ಪಾಠದ ವಿಚಾರಕ್ಕೆ ಸಭೆ ಕರೆಯಿತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ ಅಂತ ನನ್ನನ್ನೂ ಕರೆದಿದ್ದರು. ಮದ್ರಸದ ಮುಖ್ಯ ಗುರು ಸದರ್ ಉಸ್ತಾದರದ್ದು ಒಂದೇ ಷರತ್ತು. ದೊಡ್ಡ ತರಗತಿಯ ಮಕ್ಕಳೂ ಕೂರಬೇಕು, ಅವರೇ ಮೊದಲು ಮಾತಾಡಬೇಕು.

ಮೊದಲು ಎದ್ದವನು ತೋಟದ ಮನೆಯ ಹುಡುಗ. ‘ಉಸ್ತಾದ್, ಝಕಾತಿನ ಪಾಠದಲ್ಲಿ ಖರ್ಜೂರ, ದ್ರಾಕ್ಷಿ, ಧಾನ್ಯ ಬರ್ತದೆ. ನಮ್ಮಲ್ಲಿ ಇರುವುದು ಅಡಿಕೆ. ಅದಕ್ಕೆ ಝಕಾತ್ ಉಂಟಾ?’

ಎಂಥಾ ಪ್ರಶ್ನೆ! ಉಸ್ತಾದರ ಮುಖ ಅರಳಿತು. ಝಕಾತ್ ಅಂದರೆ ಉಳ್ಳವರು ಕೊಡಲೇಬೇಕಾದ ದಾನ. ನಾವು ಬ್ಯಾರಿಗಳು ಶಾಫಿಈ ಮದ್‌ಹಬಿನವರು, ಅಂದರೆ ಆ ಫಿಕ್‌ಹ್ ಪಂಥದವರು. ಅದರ ಪ್ರಕಾರ ಬೆಳೆಯ ಝಕಾತ್ ಇರುವುದು ಕೂಡಿಟ್ಟು ಉಣ್ಣುವ ಮುಖ್ಯ ಆಹಾರಕ್ಕೆ, ಜೊತೆಗೆ ಖರ್ಜೂರ ಮತ್ತು ದ್ರಾಕ್ಷಿಗೆ. ಅಡಿಕೆ ಅದರಲ್ಲಿ ಬರುವುದಿಲ್ಲ. ಆದರೆ ಅಡಿಕೆ ಮಾರಿದ ಹಣ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಮುಟ್ಟಿ, ಒಂದು ಚಾಂದ್ರಮಾನ ವರ್ಷ ಕೈಯಲ್ಲೇ ಉಳಿದರೆ ನೂರಕ್ಕೆ ಎರಡೂವರೆ ಕೊಡಬೇಕು. ಅಡಿಕೆ ಕೊಂಡು ಮಾರುವವರಿಗೆ ವ್ಯಾಪಾರದ ಸರಕಿನ ಲೆಕ್ಕ. ಇನ್ನೊಂದು ಮದ್‌ಹಬಿನ ಇಮಾಮ್ ಅಬೂ ಹನೀಫಾರ ಅಭಿಪ್ರಾಯ ಇದಕ್ಕಿಂತ ವಿಶಾಲ, ಅದನ್ನೂ ಉಸ್ತಾದರು ಹೇಳಿದರು. ಹುಡುಗರು ಪುಸ್ತಕ ಮುಚ್ಚಿ ಲೆಕ್ಕ ಹಾಕತೊಡಗಿದರು. ಪಾಠ ಅಂದರೆ ಇದೇ ಅಲ್ವಾ?

ಕಮಿಟಿಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ‘ಮಾಸ್ಟ್ರೇ, ಪರೀಕ್ಷೆ ಬೋರ್ಡಿಂದು. ಮಕ್ಕಳು ಕೇಳಿದ್ದಕ್ಕೆಲ್ಲ ಪಾಠ ಬದಲಾಯಿಸ್ಲಿಕ್ಕೆ ಆಗ್ತದಾ?’ ಅವರ ಚಿಂತೆ ಸುಳ್ಳಲ್ಲ. ಆದರೆ ನೂರು ವರ್ಷಕ್ಕೂ ಹಿಂದೆ ಕೇರಳದ ಮಲಬಾರಿನ ವಾಳಕ್ಕಾಡ್‌ನಲ್ಲಿ ಪಂಡಿತ ಚಾಲಿಲಕತ್ ಕುಞ್ಞಹಮ್ಮದ್ ಹಾಜಿಯವರು ತರಗತಿಗೆ ಕರಿಹಲಗೆ, ಬೆಂಚು ತಂದಾಗಲೂ ವಿರೋಧ ಬಂದಿತ್ತು. ಇವತ್ತು ಅವಿಲ್ಲದ ಮದ್ರಸ ನಮ್ಮೂರಲ್ಲಿ ಸಿಗುವುದೇ ಕಷ್ಟ. ಇದನ್ನೇ ಅವರಿಗೆ ಹೇಳಿದೆ. ಪಠ್ಯ ಮುಟ್ಟುವುದು ಬೇಡ, ಗುರುವಾರದ ಕೊನೆಯ ಅರ್ಧ ಗಂಟೆ ಮಕ್ಕಳ ಪ್ರಶ್ನೆಗೆ ಬಿಡೋಣ ಅಂತ ಒಪ್ಪಂದವಾಯಿತು. ಪ್ರಶ್ನೆ ಅವರೇ ಬರೆದು ಕೊಡಬೇಕು. ಉತ್ತರವನ್ನು ಉಸ್ತಾದರು ಕನ್ನಡದಲ್ಲಿ ಬರೆಸಬೇಕು. ಅರಬಿ-ಮಲಯಾಳ ಲಿಪಿಯ (ಅರಬಿ ಅಕ್ಷರದಲ್ಲಿ ಬರೆದ ಮಲಯಾಳದ) ಪುಸ್ತಕವನ್ನು ನಮ್ಮ ಮಕ್ಕಳು ಓದುತ್ತಾರೆ ನಿಜ. ಆದರೆ ಅವರು ದಿನವಿಡೀ ಬರೆಯುವುದು ಕನ್ನಡವನ್ನು.

ಆಮೇಲೆ ಹತ್ತನೇ ತರಗತಿಯ ಹುಡುಗಿ ಎದ್ದು ನಿಂತಳು. ‘ಮಹ್ರ್ ಹುಡುಗ ಹುಡುಗಿಗೆ ಕೊಡುವುದು ಅಂತ ಕಲಿತೆವು. ಹಾಗಾದ್ರೆ ನನ್ನ ಅಕ್ಕನ ಮದುವೆಗೆ ಬಾಪ ಯಾಕೆ ಸಾಲ ಮಾಡಿದ್ದು? ವರದಕ್ಷಿಣೆ ಬಗ್ಗೆ ಪಾಠ ಯಾವಾಗ?’

‘ಅದು ಇನ್ನೊಂದು ದಿನ ನೋಡೋಣ’ ಅಂದರು ಕಮಿಟಿಯ ಇಬ್ಬರು. ಇವತ್ತೇ ಬರೆದುಕೊಳ್ಳಿ ಅಂತ ನಾನು ಪಟ್ಟು ಹಿಡಿದೆ. ಉಸ್ತಾದರು ಆಗಲೇ ಬರೆಯುತ್ತಿದ್ದರು. ಗುರುವಾರದ ಮೊದಲ ಪಾಠ ಅದೇ ಆಯಿತು. ಅವತ್ತು ಮನೆಯವರೂ ಬರಬೇಕು ಅಂತ ಅವರು ಚೀಟಿ ಕಳಿಸಿದರು, ಕಮಿಟಿಯವರಿಗೂ ಸೇರಿಸಿ.